ಒಂದು ತಿಂಗಳ ಚಿತ್ರವೀಕ್ಷಣೆ

ಸಿನಿಮಾ ನೋಡಿದ ವಿದ್ಯಾರ್ಥಿ ಕೆಟ್ಟನೆಂಬುದು ಹಿರಿಯರ ಮಾತು. ಪರೀಕ್ಷೆ ಮುಗಿದ ತಿಂಗಳಲ್ಲಿ ವಾರಕ್ಕೊಂದರಂತೆ ನಾಲ್ಕು ಚಿತ್ರಗಳನ್ನು ಚಿತ್ರಮಂದಿರದಲ್ಲಿಯೇ ನೋಡಿದ ನನ್ನ ಅಭಿಪ್ರಾಯ ಬೇರೆ. ಕೆಲವು ವಾರ ಕಾದರೆ ಮೊಬೈಲಿನಲ್ಲಿಯೇ ನೋಡಬಹುದಲ್ಲ, ಹಣವೇಕೆ ದಂಡ ಎಂದು ಗೆಳೆಯರು ಕೇಳುತ್ತಾರೆ.

ನಮ್ಮ ತಾಯಿಗೆ ಅಕ್ಷರ ಬಾರದು. ನಾನೋದುವ ಇತಿಹಾಸ, ಅರ್ಥಶಾಸ್ತ್ರಗಳಲ್ಲಿ ಅವರಿಗೆ ಪಾಲಿಲ್ಲ. ಆದರೆ ಮೂರನೆಯ ವಾರ ಜೊತೆಗೆ ಬಂದ ಅವರು ಕಥಾನಾಯಕನ ತಪ್ಪನ್ನು ನನಗಿಂತ ಮೊದಲೇ ಕಂಡುಹಿಡಿದರು. ಮನೆಗೆ ಬರುವವರೆಗೂ ನನ್ನೊಡನೆ ವಾದಿಸಿದರು. ಓದಿದವರೂ ಓದದವರೂ ಸರಿಸಮರಾಗಿ ಕುಳಿತು ನಗುವ, ಅಳುವ ಸ್ಥಳ ಬೇರೆ ಯಾವುದಿದೆ? 1934ರ ‘ಸತಿ ಸುಲೋಚನ’ದಿಂದ ಮೊದಲಾಗಿ ಕನ್ನಡ ವಾಕ್ಚಿತ್ರವನ್ನು ಸಾಕಿದವರು ಇಂಥ ಪ್ರೇಕ್ಷಕರೇ.

ಆ ಸ್ಥಳ ಈಗ ಕುಗ್ಗುತ್ತಿದೆ. 1974ರಲ್ಲಿ ತೆರೆದ ಬೆಂಗಳೂರಿನ ಕಾವೇರಿ ಚಿತ್ರಮಂದಿರ 2024ರಲ್ಲಿ ಮುಚ್ಚಿತು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರವು ಟಿಕೆಟ್ಟಿಗೆ 200 ರೂಪಾಯಿಯ ಮಿತಿ ವಿಧಿಸಿತು. ಅದೇ ತಿಂಗಳು ಉಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಿತು. ಆ ಮಿತಿಯಲ್ಲಿಯೂ ನಾಲ್ವರ ಸಂಸಾರಕ್ಕೆ 800 ರೂಪಾಯಿ ಬೇಕು. ಕೂಲಿಯವರು ಎಲ್ಲಿಂದ ತಂದಾರು?

ಗೆಳೆಯರೇ, ಅಗ್ಗದ ದರದ ಊರ ಚಿತ್ರಮಂದಿರಕ್ಕೆ ತಿಂಗಳಿಗೊಮ್ಮೆಯಾದರೂ ಹೋಗೋಣ, ಮನೆಯವರನ್ನೂ ಕರೆದೊಯ್ಯೋಣ. ಅದು ಮುಚ್ಚಿದರೆ ಪದವೀಧರ ಮಗನೂ ಅಕ್ಷರ ಬಾರದ ತಾಯಿಯೂ ಕೂಡಿ ಕಲಿಯುವ ಶಾಲೆಯೊಂದು ಮುಚ್ಚಿದಂತೆಯೇ ಸರಿ.