ಒಂದೇ ತಗ್ಗಿನಲ್ಲಿ ಕರೆಂಟು, ನೆಟ್ಟು: ನಕ್ಷೆ ಯಾರ ಕೈಯಲ್ಲಿ?

ಸಲಗರ (ತಾ. ಅಕ್ಕಲಕೋಟ): ಹಳ್ಳಿ ರಸ್ತೆಗಳ ಬದಿಯ ನೆಲಕ್ಕೆ ಈಗ ಬಿಡುವಿಲ್ಲ. 2019ರಲ್ಲಿ ಘೋಷಣೆಯಾದ ಜಲ ಜೀವನ ಮಿಷನ್‌ನ ಪೈಪು, ಇಂಟರ್ನೆಟ್ ಕೇಬಲ್, ಅಲ್ಲಲ್ಲಿ ಕರೆಂಟಿನ ಕೇಬಲ್, ಅದರ ಮೇಲೆ ರೈತರೇ ಹೂತ ಬೋರ್‌ವೆಲ್ ವಾಯರು. ಎಲ್ಲವೂ ಡಾಂಬರಿನ ಪಕ್ಕದ ಆ ನಾಲ್ಕಾರು ಅಡಿ ಪಟ್ಟಿಯಲ್ಲೇ ಹೋಗಬೇಕು. ಯಾವುದು ಎಲ್ಲಿದೆ ಎಂದು ಕೇಳಿದರೆ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ತೋರಿಸಲು ಒಂದು ನಕ್ಷೆ ಸಿಗುವುದು ಅಪರೂಪ. ಅಕ್ಕಲಕೋಟ ತಾಲೂಕಿನ ಸಲಗರದಂಥ ಗಡಿಹಳ್ಳಿಗಳು ಈಗ ಕೇಳಬೇಕಾದ ಪ್ರಶ್ನೆ ಇದೇ.

ಈಗಲೇ ಏಕೆ ಎಂದರೆ, ಮತ್ತೊಂದು ಸುತ್ತಿನ ಅಗೆತ ತಪ್ಪುವಂತಿಲ್ಲ. ಪಂಚಾಯಿತಿಗಳಿಗೆ ಫೈಬರ್ ಕೇಬಲ್ ಒಯ್ಯುವ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಆಗ ಹಾಕಿದ್ದು ಬಹುತೇಕ ಒಂಟಿ ಎಳೆ. ನಡುವೆ ಎಲ್ಲಾದರೂ ತುಂಡಾದರೆ ಮುಂದಿನ ಊರೆಲ್ಲ ಬಂದ್. 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂ.ಗಳ ತಿದ್ದುಪಡಿ ಯೋಜನೆ ಮಂಜೂರಾಗಿದ್ದು, ಈ ಒಂಟಿ ಎಳೆಯನ್ನು ರಿಂಗ್ ಮಾಡಬೇಕಿದೆ. ಒಂದು ಬದಿ ಕಡಿದರೂ ಇನ್ನೊಂದು ಬದಿಯಿಂದ ನೆಟ್ ಬರಬೇಕೆಂಬುದು ಲೆಕ್ಕ. ಲೆಕ್ಕ ಸರಿ. ಆದರೆ ರಿಂಗ್ ಆಗಬೇಕೆಂದರೆ ಜೆಸಿಬಿ ಮತ್ತೆ ಬರಬೇಕು.

'ಕರೆಂಟಿನ ಬಾಜೂಕ ಹಾಕಿದ್ರ ನೆಟ್ ಸ್ಲೋ ಆಗ್ತದ' ಎಂಬ ಮಾತು ಕಟ್ಟೆಯ ಮೇಲೆ ಕೇಳಿಬರುವುದುಂಟು. ಇದು ಅರ್ಧ ನಿಜ. ಫೈಬರ್ ಎಂದರೆ ಗಾಜಿನ ಎಳೆ, ಅದರೊಳಗೆ ಓಡುವುದು ಬೆಳಕು. ಪಕ್ಕದಲ್ಲಿ 11 ಕೆವಿ ಕೇಬಲ್ ಇದ್ದರೂ ಬೆಳಕಿಗೆ ಏನೂ ಆಗದು. ಹಳೆಯ ತಾಮ್ರದ ಫೋನ್ ವಾಯರಿನ ಮಾತು ಬೇರೆ. ಕರೆಂಟಿನ ಕೇಬಲ್ ಜೊತೆ ದೂರದವರೆಗೆ ಸಮಾನಾಂತರ ಓಡಿದರೆ ಅದರಲ್ಲಿ ಪ್ರೇರಿತ ವೋಲ್ಟೇಜ್ ಹುಟ್ಟುತ್ತದೆ, ಫೋನಿನಲ್ಲಿ ಗುಂಯ್ ಸದ್ದು ಬರುತ್ತದೆ. ವಿದ್ಯುತ್ ಲೈನು ನೆಲಕ್ಕೆ ಶಾರ್ಟ್ ಆದ ಗಳಿಗೆಯಲ್ಲಂತೂ ಆ ವೋಲ್ಟೇಜ್ ರಿಸೀವರ್ ಹಿಡಿದವರ ಜೀವಕ್ಕೇ ಅಪಾಯ ತರಬಲ್ಲದು. 11 ಕೆವಿ ಮತ್ತು ಮೇಲಿನ ಲೈನುಗಳ ಮಾರ್ಗಕ್ಕೆ ವಿದ್ಯುತ್ ಹಾಗೂ ದೂರಸಂಪರ್ಕ ಇಲಾಖೆಗಳ ಜಂಟಿ ಸಮನ್ವಯ ಸಮಿತಿಯ ಒಪ್ಪಿಗೆ ಬೇಕೆಂಬ ಪದ್ಧತಿ ಬಂದದ್ದು ಇದೇ ಕಾರಣಕ್ಕೆ.

ಹಾಗಾದರೆ ಫೈಬರ್‌ಗೆ ಚಿಂತೆ ಬೇಡವೇ? ಬೇಕು. ಕೆಲವು ಫೈಬರ್ ಕೇಬಲ್‌ಗಳ ಮೇಲೆ ಉಕ್ಕಿನ ಕವಚ ಇರುತ್ತದೆ, ಆ ಉಕ್ಕು ಕರೆಂಟು ಒಯ್ಯುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ಗುದ್ದಲಿಯದು. ಫೈಬರ್ ತುಂಡಾದದ್ದನ್ನು ಜೋಡಿಸಲು ಬಂದ ಕೂಲಿಯವನು ಪಕ್ಕದ ಜೀವಂತ ಕೇಬಲ್ಲಿಗೆ ಪಿಕಾಸಿ ಹಾಕಿದರೆ ಹೋಗುವುದು ನೆಟ್ ಅಲ್ಲ.

ಭಾರತೀಯ ಮಾನಕ ಐಎಸ್ 1255ರ ಪ್ರಕಾರ 11 ಕೆವಿವರೆಗಿನ ಹೈಟೆನ್ಷನ್ ಕೇಬಲ್ 90 ಸೆಂ.ಮೀ. ಆಳದಲ್ಲಿರಬೇಕು. ಮನೆ, ಪಂಪ್‌ಸೆಟ್ಟಿನ ಲೋ ಟೆನ್ಷನ್ ಕೇಬಲ್ 75 ಸೆಂ.ಮೀ. ಕರೆಂಟಿನ ಕೇಬಲ್ಲಿಗೂ ಫೋನ್ ಕೇಬಲ್ಲಿಗೂ ನಡುವೆ ಕನಿಷ್ಠ 30 ಸೆಂ.ಮೀ., ಅಂದರೆ ಒಂದು ಅಡಿ. ಬಿಎಸ್ಸೆನ್ನೆಲ್ ಪದ್ಧತಿಯಂತೆ ಫೈಬರ್‌ನ ಸಾಮಾನ್ಯ ಆಳ 1.65 ಮೀಟರ್. ಆಳ ಕಡಿಮೆಯಾದ ಕಡೆ ಕಬ್ಬಿಣದ ಪೈಪು ಇಲ್ಲವೇ ಕಾಂಕ್ರೀಟು ಕೊಡಬೇಕು. ಈ ಆಳಗಳು ಪಾಲನೆಯಾದರೆ ಎರಡೂ ಒಂದಕ್ಕೊಂದು ತಾಗುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಎರಡು ಅಡಿಗೇ ಕಲ್ಲು ಹತ್ತಿದರೆ ಕಂತ್ರಾಟುದಾರ ಏನು ಮಾಡುತ್ತಾನೆ ಎಂಬುದನ್ನು ಓದುಗರಿಗೆ ಹೇಳಬೇಕಿಲ್ಲ.

ಹೊಲದ ಕಥೆ ಇನ್ನೂ ಗಂಭೀರ. ಡಿಪಿಯಿಂದ (ಗಡಿ ದಾಟಿದರೆ ಇದೇ ಟಿಸಿ) ಸ್ಟಾರ್ಟರ್ ಪೆಟ್ಟಿಗೆಗೆ, ಅಲ್ಲಿಂದ ಬಾವಿಗೆ ಎಳೆದ ತ್ರೀಫೇಸ್ ವಾಯರು ಅನೇಕ ಕಡೆ ಗೇಣುದ್ದವೂ ಆಳಕ್ಕಿಲ್ಲ. ಈಗ ಹೊಲದ ಮನೆಗೆ ಸಿಸಿ ಕ್ಯಾಮೆರಾ ಬಂದಿವೆ, ಅದರ ವಾಯರನ್ನೂ ಅದೇ ಸಾಲಿನಲ್ಲಿ, ಕೆಲವೊಮ್ಮೆ ಅದೇ ಪೈಪಿನಲ್ಲಿ ತೂರಿಸಲಾಗುತ್ತದೆ. ಎರಿ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗೆ ಉಬ್ಬಿ, ಒಳಗಿನ ಜೋಡಣೆಯನ್ನು ಜಗ್ಗುತ್ತದೆ. ಇಲಿ ಕಡಿದರಂತೂ ಮುಗಿಯಿತು. 415 ವೋಲ್ಟಿನ ವಾಯರು ಕ್ಯಾಮೆರಾ ವಾಯರಿಗೆ ತಾಗಿದರೆ ಕರೆಂಟು ನೇರ ಮನೆಯೊಳಗಿನ ಡಬ್ಬಿಗೆ, ಅಲ್ಲಿಂದ ಅದನ್ನು ಮುಟ್ಟಿದ ಮಗುವಿನ ಕೈಗೆ. ಎರಡಕ್ಕೂ ಬೇರೆ ಬೇರೆ ಪೈಪು, ನಡುವೆ ಒಂದು ಅಡಿ ಮಣ್ಣು, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸುವುದು: ಇಷ್ಟಕ್ಕೆ ಆಗುವ ಖರ್ಚು ಒಂದು ಪಂಪ್ ರಿವೈಂಡಿಂಗಿಗಿಂತ ಕಡಿಮೆ.

ಕಾನೂನು ಇಲ್ಲವೆಂದಲ್ಲ. ಅಗೆಯುವ ಮೊದಲು ಪೋರ್ಟಲ್‌ನಲ್ಲಿ ಸೂಚನೆ ಕೊಡಬೇಕೆಂಬ ನಿಯಮ 2023ರ ಜನವರಿಯಲ್ಲಿ ಹೊರಬಿತ್ತು. ಮಾರ್ಚ್ 22ರಂದು ಪ್ರಧಾನಿ 'ಕಾಲ್ ಬಿಫೋರ್ ಯೂ ಡಿಗ್' ಆ್ಯಪ್ ಬಿಡುಗಡೆ ಮಾಡಿದರು. ಹೇಳದೆ ಕೇಳದೆ ಅಗೆಯುವುದರಿಂದ ವರ್ಷಕ್ಕೆ ಸುಮಾರು 3 ಸಾವಿರ ಕೋಟಿ ರೂ. ನಷ್ಟ ಎಂದು ಸರ್ಕಾರವೇ ಆಗ ಹೇಳಿತ್ತು. ಆದರೆ ಆ್ಯಪ್ ಎಚ್ಚರಿಸುವುದು ಅದರಲ್ಲಿ ದಾಖಲಾದ ಕೇಬಲ್‌ಗಳ ಮಾಲೀಕರನ್ನು ಮಾತ್ರ. ರೈತ ಹೂತ ವಾಯರು ಅದರಲ್ಲಿಲ್ಲ.

ರಸ್ತೆ ಒಂದು ಇಲಾಖೆಯದು, ಕಂಬ ಮಹಾವಿತರಣದ್ದು, ಫೈಬರ್ ಇನ್ನೊಬ್ಬರದು, ನೀರು ಮತ್ತೊಬ್ಬರದು. ಅಫಜಲಪುರ, ಆಳಂದ ಕಡೆಯ ಬೀಗರ ಊರುಗಳಲ್ಲೂ ಇದೇ ಹಣೆಬರಹ, ಮಹಾವಿತರಣದ ಜಾಗದಲ್ಲಿ ಜೆಸ್ಕಾಂ ಅಷ್ಟೇ. ಎಲ್ಲರ ತಗ್ಗನ್ನೂ ಕಣ್ಣಾರೆ ಕಾಣುವುದು ಪಂಚಾಯಿತಿ ಒಂದೇ. ನಾ-ಹರಕತ್ ದಾಖಲೆಗೆ ಸಹಿ ಹಾಕುವ ಮೊದಲು ಸರಪಂಚರು ವಾಯರ್‌ಮನ್‌ನನ್ನು ಕರೆಸಿ ಗೆರೆ ಹೊಡೆಸಬಹುದು, ತಗ್ಗು ಮುಚ್ಚುವ ಮುನ್ನ ಟೇಪು ಹಿಡಿದು ಆಳ ಅಳೆದು ಮೊಬೈಲಿನಲ್ಲಿ ಫೋಟೊ ತೆಗೆಸಿ ಕಚೇರಿಯಲ್ಲಿ ಇಡಬಹುದು. ಅಗೆಯುವಾಗ ಕೇಬಲ್ ಕಂಡರೆ ಕೆಲಸ ನಿಲ್ಲಿಸಿ 1912ಕ್ಕೆ ಫೋನ್ ಮಾಡಬೇಕು. ಅಳತೆ ಮಾತ್ರ ಅದೇ ದಿನ ಆಗಬೇಕು. ಎರಿ ಮಣ್ಣಿನಲ್ಲಿ ಎರಡು ಮಳೆ ಬಿದ್ದ ಮೇಲೆ ತಗ್ಗು ಎಲ್ಲಿತ್ತೆಂದು ತೋಡಿದವನಿಗೂ ಗುರುತು ಸಿಗುವುದಿಲ್ಲ.