ಅಡಕೆಯ ನುಸಿಯೂ ವರದೆಯ ನೀರೂ

ಸಾಗರ ಸೀಮೆಯ ತೋಟಿಗರು ಕೊಳೆರೋಗಕ್ಕೆ ಅಂಜುವಷ್ಟು ನುಸಿಗೆ ಅಂಜುವುದಿಲ್ಲ. ಆದರೂ ಬೇಸಗೆಯಲ್ಲಿ ಎಳೆಯ ಅಡಕೆ ಗಿಡಗಳ ಎಲೆಯಡಿಯಲ್ಲಿ ಕುಳಿತು ರಸಹೀರುವ ಕೆಂಪು, ಬಿಳಿ ನುಸಿಗಳು ಸೋಗೆಯನ್ನು ಹಳದಿಗೊಳಿಸಿ ಒಣಗಿಸುವುವು. ಇದಕ್ಕೆ ಹಿಂದೆ ಸಿಂಪಡಿಸುತ್ತಿದ್ದ ಡೈಕೋಫಾಲ್ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ವರ್ಜ್ಯವಿಷಗಳ ಪಟ್ಟಿಗೆ ಸೇರಿತು. ಇಂದು ನುಸಿಗಳ ಮೇಲೆ ಪ್ರಯೋಗಿಸುವ ಅಬಮೆಕ್ಟಿನ್ ಎಂಬ ದ್ರವ್ಯವನ್ನು ಮಣ್ಣಿನ ಸೂಕ್ಷ್ಮಾಣುವೊಂದು ಹುಟ್ಟಿಸುತ್ತದೆ. ಆ ಸೂಕ್ಷ್ಮಾಣುವನ್ನು ಶೋಧಿಸಿದ ಜಪಾನಿನ ಸತೋಶಿ ಓಮುರಾ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಸೂಕ್ಷ್ಮಾಣುಜನ್ಯವೆಂದ ಮಾತ್ರಕ್ಕೆ ಅದು ನಿರಪಾಯವೆಂಬುದನ್ನು ನಾವು ಒಪ್ಪಲಾರೆವು. ಮೀನಿಗೂ ಜೇನಿಗೂ ಅದು ಘೋರವಿಷ. ವರದೆಯು ಹುಟ್ಟುವ ವರದಮೂಲದ ಸುತ್ತ, ತೋಟದ ಕಪ್ಪಿನ ನೀರು ಹಳ್ಳಕ್ಕೆ ಹರಿಯುವೆಡೆ, ಅದನ್ನು ಕಣ್ಣುಮುಚ್ಚಿ ಸಿಂಪಡಿಸುವುದು ಸಲ್ಲದು. ಸೂಡೊಮೊನಾಸ್, ಬ್ಯಾಸಿಲಸ್ ಮುಂತಾದ ಜೀವಂತ ಸೂಕ್ಷ್ಮಾಣುಗಳು ಅಡಕೆಯ ನುಸಿಯನ್ನು ಎಷ್ಟರಮಟ್ಟಿಗೆ ತಡೆಯಬಲ್ಲವೆಂಬುದನ್ನು ಇರುವಕ್ಕಿಯ ಕೃಷಿ ವಿಶ್ವವಿದ್ಯಾನಿಲಯವು ರೈತರ ತೋಟಗಳಲ್ಲಿಯೇ ಪರೀಕ್ಷಿಸಿ, ಫಲವನ್ನು ಕನ್ನಡದಲ್ಲಿ ಪ್ರಕಟಿಸತಕ್ಕದ್ದು.