ಅಶ್ವಿನಿ ಮಳೆ ನಂಬಿ ಕಾಡು ಕಾಯಲಾಗದು

ಬೇಸಿಗೆಯಲ್ಲಿ ಸಾವನದುರ್ಗದ ಇಳಿಜಾರಿಗೋ ಕನಕಪುರದಾಚೆಯ ಕುರುಚಲು ಕಾಡಿಗೋ ಬೆಂಕಿ ಬಿದ್ದಾಗ ಊರಲ್ಲೂ ಕಚೇರಿಯಲ್ಲೂ ಕೇಳಿಬರುವ ಮಾತು ಒಂದೇ: ‘ಒಂದು ಹದ ಮಳೆಯಾದರೆ ಸರಿಹೋಗುತ್ತೆ.’ ಏಪ್ರಿಲ್ ನಡುವೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ ಎಂದು ಲೆಕ್ಕ ಹಾಕುವ ಸೀಮೆಯಿದು. ಆ ನಿರೀಕ್ಷೆ ಸಹಜವೇ. ಉತ್ತು ಬಿತ್ತುವವರಿಗೆ ಈ ಲೆಕ್ಕ ಬೇಕು, ಆದರೆ ಕಾಡು ಕಾಯುವವರಿಗೆ ಅದಷ್ಟೇ ಸಾಲದು. ಈಗ ಬೆಂಗಳೂರು ದಕ್ಷಿಣ ಎನಿಸಿಕೊಂಡಿರುವ ಜಿಲ್ಲೆಯ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಬೆಂಕಿ ಕಾವಲು ಯಾವಾಗ ಶುರುವಾಗಬೇಕು, ಯಾವಾಗ ಬಿಗಿಯಾಗಬೇಕು, ಯಾವಾಗ ಮುಗಿಯಬೇಕು ಎಂಬುದನ್ನು ತಿಂಗಳ ಪಟ್ಟಿಯೂ ಮೊದಲ ಮಳೆಯೂ ತೀರ್ಮಾನಿಸಬಾರದು. ಆಯಾ ಹೋಬಳಿಯ ನೆಲ ಎಷ್ಟು ಒಣಗಿದೆ ಎಂಬ ಅಳತೆ ತೀರ್ಮಾನಿಸಬೇಕು.

ಬರೀ ಬಂಡೆಯ ಬೆಟ್ಟದಲ್ಲಿ ಸುಡುವುದಕ್ಕೇನಿದೆ ಎಂದು ಹೊರಗಿನವರಿಗೆ ಅನಿಸಬಹುದು. ‘ಶೋಲೆ’ ಸಿನಿಮಾ ನೋಡಿ ರಾಮನಗರವನ್ನು ಕಲ್ಪಿಸಿಕೊಂಡವರಿಗಂತೂ ಹಾಗೆ ಅನಿಸಿದರೆ ತಪ್ಪಿಲ್ಲ. ಬಂಡೆಗಳ ಸಂದಿನಲ್ಲಿ, ತಪ್ಪಲಿನಲ್ಲಿ ಇರುವುದು ಎಲೆ ಉದುರುವ ಒಣ ಕಾಡು: ದಿಂಡಿಗ, ಮತ್ತಿ, ಜಾಲಿ, ಕಾವೇರಿ ಕಡೆಗೆ ಇಳಿದಂತೆ ಕಮರ. ಇಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಎದೆಮಟ್ಟ ಬೆಳೆದ ಹುಲ್ಲು ಸಂಕ್ರಾಂತಿಯ ಹೊತ್ತಿಗೆ ಬಿಳಿಚಿ, ಶಿವರಾತ್ರಿಗೆ ಗರಿಗರಿಯಾಗುತ್ತದೆ. ಅದರ ಮೇಲೆ ಉದುರಿದ ತರಗೆಲೆ, ನಡುವೆ ಹಸಿಯಿದ್ದರೂ ಉರಿಯುವ ಲಂಟಾನದ ಪೊದೆ. ವಿಚಿತ್ರವೆಂದರೆ ಹಿಂಗಾರು ಚೆನ್ನಾಗಿ ಆದ ವರ್ಷವೂ ಅಪಾಯದ್ದೇ, ಏಕೆಂದರೆ ಆಗ ಹುಲ್ಲು ಹೆಚ್ಚು. ಕೈಕೊಟ್ಟ ವರ್ಷ ಹುಲ್ಲು ಕಡಿಮೆಯಾದರೂ ಒಣಗು ಬೇಗ ಬರುತ್ತದೆ. ರಾಮದೇವರ ಬೆಟ್ಟದ 346 ಹೆಕ್ಟೇರ್ ಪ್ರದೇಶವನ್ನು 2012ರಲ್ಲಿ ರಣಹದ್ದುಗಳಿಗಾಗಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಉದ್ದ ಕೊಕ್ಕಿನ ಆ ಹದ್ದುಗಳು ಕಡಿದಾದ ಬಂಡೆಯ ಮೇಲೆ ಮರಿ ಮಾಡುವುದು ಇದೇ ಒಣ ತಿಂಗಳುಗಳಲ್ಲಿ.

ಇನ್ನು ಸಿಡಿಲಿನ ವಿಷಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2020ರ ಆಗಸ್ಟ್‌ನಲ್ಲಿ ಸಿಡಿಲುಗಳೇ ನೂರಾರು ಕಡೆ ಕಾಡಿಗೆ ಬೆಂಕಿ ಹಚ್ಚಿದವು. ಅವುಗಳಲ್ಲಿ ಕೆಲವು ಒಂದಾಗಿ ಹತ್ತು ಲಕ್ಷ ಎಕರೆಗೂ ಹೆಚ್ಚು ಸುಟ್ಟವು. ಅಲ್ಲಿ ಮೋಡದಿಂದ ಹೊರಟ ಮಳೆ ನೆಲ ಮುಟ್ಟುವ ಮೊದಲೇ ಆವಿಯಾಗುವುದುಂಟು, ಸಿಡಿಲು ಮಾತ್ರ ಒಣ ಹುಲ್ಲಿಗೆ ಬಡಿಯುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗಿನ ಮೋಡ ಸಮುದ್ರದ ತೇವ ಹೊತ್ತು ಬರುವಂಥದ್ದು. ಸಿಡಿಲಿನ ಹಿಂದೆಯೇ ಸಾಮಾನ್ಯವಾಗಿ ಮಳೆಯೂ ಇರುತ್ತದೆ. ಹಾಗಾಗಿ ಇಲ್ಲಿ ಕಾಡು ಹತ್ತುವುದು ಬಹುತೇಕ ಮನುಷ್ಯನ ಕೈಯಿಂದ. ಹೊಸ ಹುಲ್ಲು ಚಿಗುರಲೆಂದು ಗೀರಿದ ಕಡ್ಡಿ, ಮಾವಿನ ತೋಪಿನ ತರಗು ಸುಡಲು ಹಚ್ಚಿದ ಬೆಂಕಿ, ಚಾರಣಕ್ಕೆ ಬಂದವರ ಸಿಗರೇಟು, ರಸ್ತೆ ಬದಿಯ ಕಸದ ರಾಶಿ. ಬಂಡೀಪುರದಲ್ಲಿ 2019ರ ಫೆಬ್ರುವರಿಯಲ್ಲಿ ಐದೇ ದಿನಗಳಲ್ಲಿ ಸುಮಾರು 4,400 ಹೆಕ್ಟೇರ್ ಸುಟ್ಟು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾದಾಗಲೂ ಅದು ಮನುಷ್ಯರು ಹಚ್ಚಿದ ಬೆಂಕಿ ಎಂಬುದೇ ಅರಣ್ಯ ಇಲಾಖೆಯ ನಿಲುವಾಗಿತ್ತು.

ಹಾಗಿದ್ದರೆ ಹವಾಮಾನದ ಮಾತೇಕೆ, ಹಚ್ಚಿದವರನ್ನು ಹಿಡಿದು ಜೈಲಿಗೆ ಹಾಕಿದರಾಯಿತಲ್ಲ ಎಂಬ ಆಕ್ಷೇಪ ಇದೆ. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧವೇ, ಶಿಕ್ಷೆಯೂ ಆಗಲಿ. ಆದರೆ ನವೆಂಬರಿನಲ್ಲಿ ಬಿಸಾಡಿದ ಬೀಡಿ ತಾನಾಗಿ ನಂದುತ್ತದೆ, ಮಾರ್ಚ್ ಮಧ್ಯಾಹ್ನ ಬಿಸಾಡಿದ ಅದೇ ಬೀಡಿ ಒಂದು ಗುಡ್ಡವನ್ನೇ ಬೋಳು ಮಾಡುತ್ತದೆ. ಕಿಡಿ ಮನುಷ್ಯನದು, ಅದು ಎಷ್ಟು ದೂರ ಹೋಗಬೇಕೆಂದು ತೀರ್ಮಾನಿಸುವುದು ಗಾಳಿ, ತೇವ ಮತ್ತು ಇಳಿಜಾರು. ಬೆಂಕಿ ಬಯಲಿಗಿಂತ ಏರಿನಲ್ಲಿ ಬೇಗ ಓಡುತ್ತದೆ, ಮೇಲಿನ ಹುಲ್ಲನ್ನು ಕೆಳಗಿನ ಉರಿ ಮೊದಲೇ ಕಾಯಿಸಿ ಒಣಗಿಸಿರುತ್ತದೆ. ಹಸಿ ಸೊಪ್ಪು ಹಿಡಿದು ಬಡಿಯುವ ಹತ್ತು ಜನಕ್ಕೆ ಅಂಥ ಏರಿನಲ್ಲಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಬೆಂಕಿ ಒಬ್ಬ ಅರಣ್ಯ ರಕ್ಷಕರ ಜೀವವನ್ನೇ ತೆಗೆದುಕೊಂಡಿತು.

ಮಳೆಯ ಮೋಡವೂ ನಾವು ತಿಳಿದಷ್ಟು ನಂಬಿಗಸ್ತ ನೆಂಟನಲ್ಲ. ಸಂಜೆಯ ಗುಡುಗು ಮೋಡದಿಂದ ತಣ್ಣಗಾದ ಗಾಳಿ ಧುಮ್ಮಿಕ್ಕಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆ ಬೀಳದ ಊರಿಗೂ ಆ ಬಿರುಗಾಳಿ ಮುಟ್ಟುತ್ತದೆ, ಅದರ ದಿಕ್ಕು ನಿಮಿಷಗಳಲ್ಲಿ ಬದಲಾಗುತ್ತದೆ. ಮಾಗಡಿಯಲ್ಲಿ ಮಳೆ ಸುರಿದು ಕನಕಪುರದಲ್ಲಿ ಬರೀ ಗಾಳಿ ಬೀಸಿದ ಸಂಜೆ, ಅಲ್ಲಿ ಹೊಗೆಯಾಡುತ್ತಿದ್ದ ಮರದ ದಿಮ್ಮಿಯೊಂದು ಹೊಸ ಕಾಳ್ಗಿಚ್ಚಿಗೆ ಸಾಕು. ನಾಲ್ಕೈದು ಮಿಲಿಮೀಟರ್ ಮಳೆ ಬಿದ್ದರೂ ತೆಳು ಹುಲ್ಲು ಒಂದೆರಡು ದಿನದ ಬಿಸಿಲಿಗೆ ಮತ್ತೆ ಒಣಗುತ್ತದೆ. ಜೋರು ಮಳೆಯೇ ಬಂದಿತು ಅನ್ನಿ, ಸುಟ್ಟ ಇಳಿಜಾರಿನಲ್ಲಿ ಅದನ್ನು ತಡೆಯಲು ಹುಲ್ಲಿನ ಬೇರೂ ಇಲ್ಲ, ತರಗೂ ಇಲ್ಲ. ಬಂಡೆಯ ಮೇಲೆ ಗೇಣುದ್ದ ಕೂತಿದ್ದ ಮಣ್ಣು ಬೂದಿಯೊಂದಿಗೆ ಹಳ್ಳ ಸೇರುತ್ತದೆ. ಆ ಹಳ್ಳಗಳು ಮುಟ್ಟುವುದು ಮಂಚನಬೆಲೆ, ಕಣ್ವ, ಹಾರೋಬೆಲೆ ಜಲಾಶಯಗಳನ್ನು. ಇನ್ನು ಮಳೆ ಬಾರದೇ ಹೋದರೆ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಬೆನ್ನಿಗೇ 2024ರ ಏಪ್ರಿಲ್‌ನಲ್ಲಿ ಪಕ್ಕದ ಬೆಂಗಳೂರು ನಗರದ ವೀಕ್ಷಣಾಲಯದಲ್ಲಿ ಮಳೆಯೇ ದಾಖಲಾಗಲಿಲ್ಲ, 1983ರ ನಂತರ ಅಂಥ ಏಪ್ರಿಲ್ ಅದೇ ಮೊದಲು. ಏಪ್ರಿಲ್ 28ರಂದು ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ಅಶ್ವಿನಿ ಮಳೆ ನಂಬಿ ಕಾವಲು ಸಡಿಲಿಸುವ ಪದ್ಧತಿ ಅಂಥ ವರ್ಷ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬಂದೀತು?

ಮತ್ತೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬೆಂಕಿ ಈ ಕಾಡುಗಳಿಗೆ ಹೊಸತಲ್ಲ, ಪೂರ್ತಿ ತಡೆದರೆ ಲಂಟಾನ ಹೆಚ್ಚುತ್ತದೆ, ಮುಂದೊಂದು ದಿನ ಇನ್ನೂ ದೊಡ್ಡ ಬೆಂಕಿಯಾಗುತ್ತದೆ ಎಂಬುದು ಅದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಚಳಿ ಮುಗಿಯುವ ಮುನ್ನ ಹಚ್ಚುತ್ತಿದ್ದ ತರಗು ಬೆಂಕಿ ನೆಲದ ಮೇಲಷ್ಟೇ ಸರಿದು ಹೋಗುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತೆಂದು ಅವರೂ ಸಂಶೋಧಕರೂ ಹೇಳುತ್ತಾ ಬಂದಿದ್ದಾರೆ. ಒಪ್ಪೋಣ. ಆದರೆ ಈ ಮಾತು ನನ್ನ ವಾದವನ್ನು ಗಟ್ಟಿಯೇ ಮಾಡುತ್ತದೆ. ಜನವರಿಯ ಇಬ್ಬನಿಯ ಬೆಳಗ್ಗೆ ಹಚ್ಚಿದ್ದಕ್ಕೂ ಮಾರ್ಚ್‌ನ ಬಿಸಿಗಾಳಿಯಲ್ಲಿ ಹತ್ತಿದ್ದಕ್ಕೂ ಇರುವ ವ್ಯತ್ಯಾಸ ಹವಾಮಾನದ್ದೇ. ಕಾಳ್ಗಿಚ್ಚು ದಾಟದಂತೆ ಮೊದಲೇ ಪಟ್ಟಿಯಾಗಿ ಬೆಂಕಿ ರೇಖೆ ಸುಡುವ ಕೆಲಸವನ್ನೂ ಹುಲ್ಲು ಒಣಗಿದ, ಆದರೆ ಗಾಳಿ ಏಳದ ದಿನ ನೋಡಿ ಮಾಡಬೇಕೇ ಹೊರತು ಬಿಲ್ಲು ಪಾಸಾದ ದಿನ ನೋಡಿ ಅಲ್ಲ.

ಇದಕ್ಕೆ ಹೊಸ ಯಂತ್ರವೇನೂ ಬೇಡ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ಇಟ್ಟು ವರ್ಷಗಳೇ ಆದವು. ಉಷ್ಣಾಂಶ, ತೇವಾಂಶ, ಗಾಳಿ ಎಲ್ಲವೂ ಅಲ್ಲಿ ದಾಖಲಾಗುತ್ತಿದೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹದ ಕಣ್ಣಿಗೆ ಬಿದ್ದ ಬೆಂಕಿಯ ಸಂದೇಶ ಕಳಿಸುತ್ತದೆ ನಿಜ. ಆದರೆ ಅದು ತಲುಪುವುದು ಬೆಂಕಿ ಹತ್ತಿದ ಮೇಲೆ. ಹೋಬಳಿಯ ಅಳತೆಯಿಂದ ದಿನದ ಅಪಾಯದ ಮಟ್ಟ ಹೇಳಿದರೆ ಯಾವ ಬೆಟ್ಟಕ್ಕೆ ಚಾರಣ ನಿಲ್ಲಿಸಬೇಕು, ಯಾವ ಊರಿನಲ್ಲಿ ತರಗು ಸುಡಬೇಡಿ ಎಂದು ಡಂಗುರ ಸಾರಬೇಕು ಎಂಬುದು ಬೆಳಗ್ಗೆಯೇ ತಿಳಿಯುತ್ತದೆ. ಬೆಂಕಿ ಕಾವಲಿನ ಕೂಲಿಯನ್ನೂ ನಿಗದಿತ ದಿನಗಳಿಗೆ ಬದಲು ಈ ಮಟ್ಟಕ್ಕೆ ಜೋಡಿಸಬೇಕು. ಬೆಟ್ಟದ ಸಂದುಗೊಂದು ಬಲ್ಲ ಇರುಳಿಗ ಬುಡಕಟ್ಟಿನವರನ್ನು ಆ ಕೆಲಸಕ್ಕೆ ಮೊದಲು ಕರೆಯಬೇಕು. ಸಿಡಿಲಿನ ಮುನ್ಸೂಚನೆ ನೀಡುವ ‘ದಾಮಿನಿ’ ಆ್ಯಪ್ ಅವರ ಮೊಬೈಲಿನಲ್ಲೂ ಇರಬೇಕು. ಸಿಡಿಲು ನಮ್ಮ ಕಾಡನ್ನು ಸುಡದಿರಬಹುದು, ಆದರೆ 2022ರ ಒಂದೇ ವರ್ಷ ದೇಶದಲ್ಲಿ 2,887 ಜನ ಅದಕ್ಕೆ ಬಲಿಯಾದರು. ಬೋಳು ಬಂಡೆಯ ಮೇಲೆ ನಿಂತು ಹೊಗೆ ನೋಡುವವನಿಗಿಂತ ಅದಕ್ಕೆ ಸುಲಭವಾಗಿ ಸಿಗುವವರು ಕಡಿಮೆ.

ಹಣವೆಲ್ಲಿ ಎಂದು ಕೇಳುವ ಅಧಿಕಾರಿಗಳು ಒಂದು ಹೆಲಿಕಾಪ್ಟರ್ ತರಿಸುವ ಖರ್ಚನ್ನು ಈ ಕೂಲಿಯ ಪಕ್ಕದಲ್ಲಿಟ್ಟು ನೋಡಲಿ. ಹುಲ್ಲು ಒಣಗಲು ಶುರುವಾಗುವುದು ಡಿಸೆಂಬರಿನಲ್ಲಿ. ಅರಣ್ಯ ಇಲಾಖೆಯೂ ಉಸ್ತುವಾರಿ ಕೇಂದ್ರವೂ ಅಷ್ಟರೊಳಗೆ ಕೂತು ಮಾತಾಡಿ, ಮುಂದಿನ ಬೇಸಿಗೆಗೆ ಈ ನಾಲ್ಕು ತಾಲ್ಲೂಕುಗಳಲ್ಲಾದರೂ ಹೋಬಳಿವಾರು ಅಪಾಯದ ಸೂಚನೆಯನ್ನು ದಿನವೂ ಪ್ರಕಟಿಸಲಿ.